ಗೆರೆ ಎಳೆಯದ ರಂಗೋಲಿ

“ಬೇರೆಯವರ ಕೈಲಾದ್ರೂ ಹಾಕಿಸಿಬಿಡಿ ನರಸಮ್ಮೋರೇ. ನಾಳೆ ಮಂತ್ರಿಗಳು ಬರೋ ದಾರಿ. ನಿಮ್ಮ ಬಾಗಿಲೊಂದೇ ಬೋಳಾಗಿ ಕಾಣ್ತಾ ಇದ್ರೆ ಚೆನ್ನಾಗಿರುತ್ತಾ?” ಬಸವೇಶ್ವರನಗರದ ಆ ಬೀದಿಯ ಸಂಘದ ಕಾರ್ಯದರ್ಶಿ ಶ್ಯಾಮಸುಂದರ ಗೇಟಿನಾಚೆಯೇ ನಿಂತು ಕೇಳಿದರು.

“ವರ್ಷ ತುಂಬೋ ತನಕ ನಮ್ಮನೆ ಮುಂದೆ ರಂಗೋಲಿ ಇಲ್ಲ ಸಾರ್,” ಎಂದಳು ನರಸಮ್ಮ.

ಕಳೆದ ದೀಪಾವಳಿ ಹೊತ್ತಿಗೆ ತಂತಿ ಬಂದಿತ್ತು. ಸೈನ್ಯದ ಜೊತೆ ಲಂಕೆಗೆ ಹೋದ ಮಗ ವೆಂಕಟಸ್ವಾಮಿ ಜಾಫ್ನಾದಲ್ಲಿ ಗುಂಡೇಟಿಗೆ ಸತ್ತಿದ್ದ. ಇಪ್ಪತ್ತೆರಡು ವರ್ಷ. ಹೆಣವೂ ಬರಲಿಲ್ಲ, ಒಂದು ಟ್ರಂಕು ಬಂತು. ಅದನ್ನೂ ಹೇಗೋ ನುಂಗಿಕೊಂಡಿದ್ದಳು. ಆದರೆ ಪಾರ್ಕು ಉದ್ಘಾಟನೆಗೆ ಬರುವ ಇದೇ ಮಹಾನುಭಾವರು, “ಲಂಕೆಯಲ್ಲಿ ನಮಗೆ ಹೇಳಿಕೊಳ್ಳುವಂಥ ನಷ್ಟವೇನೂ ಆಗಿಲ್ಲ” ಎಂದದ್ದನ್ನು ರೇಡಿಯೋದಲ್ಲಿ ಕೇಳಿದಾಗಿನಿಂದ ಅನ್ನ ಸೇರುತ್ತಿರಲಿಲ್ಲ.

“ನನ್ ಮಗ ಲೆಕ್ಕಕ್ಕೇ ಇಲ್ವಾ ಮೇಡಂ? ಅವನ ಹೆಸರು ಒಂದ್ಸಲ ಆ ಮನುಷ್ಯನ ಕಿವಿಗೆ ಬೀಳ್ಬೇಕು, ಅಷ್ಟೇ,” ಎಂದು ಎದುರುಮನೆಯ ಟೀಚರ್ ಅಲಮೇಲು ಮುಂದೆ ಅತ್ತಿದ್ದಳು. ಅಲಮೇಲು ಕಾಫಿ ಕೊಟ್ಟಿದ್ದರು.

ಬೆಳಿಗ್ಗೆ ಬಾಗಿಲು ತೆಗೆದ ನರಸಮ್ಮ ಹೊಸ್ತಿಲಲ್ಲೇ ನಿಂತಳು. ಮನೆಮನೆಯ ಮುಂದೂ ನೀರು ಹಾಕಿ ಬರೀ ಚುಕ್ಕಿ ಇಟ್ಟಿದ್ದರು. ಒಂದಕ್ಕೂ ಗೆರೆ ಇಲ್ಲ. ಪಕ್ಕದ ಇಂದ್ರಮ್ಮನ ಬಾಗಿಲಲ್ಲಿ ಎಣಿಸಿದಳು. ಇಪ್ಪತ್ತೆರಡು. ಅದರಾಚೆಯದೂ ಇಪ್ಪತ್ತೆರಡು. ಅಯ್ಯೋ ಶಿವನೇ! ಅವಳ ಬಾಗಿಲನ್ನು ಮಾತ್ರ ಯಾರೂ ಮುಟ್ಟಿರಲಿಲ್ಲ.

ಶ್ಯಾಮಸುಂದರರಿಗೆ ಬೆವರು ಕಿತ್ತುಕೊಂಡು ಬಂತು. “ಬೇಗ ಮುಗಿಸ್ರಮ್ಮ! ಕಾರು ಬಂತು!”

“ಮುಗಿದಿದೆ ಸಾರ್,” ಇಂದ್ರಮ್ಮ ಸೆರಗಿಗೆ ಕೈ ಒರೆಸಿಕೊಂಡಳು.

ಕಾರಿಳಿದ ಮಂತ್ರಿಗಳು ನಕ್ಕರು. “ಏನಮ್ಮ, ಎಲ್ರೂ ಅರ್ಧಕ್ಕೇ ಬಿಟ್ಬಿಟ್ಟಿದೀರಾ?”

“ಅಷ್ಟಕ್ಕೇ ನಿಂತುಹೋಯ್ತು ಸಾರ್,” ಅಲಮೇಲು ಕ್ಲಾಸಿನಲ್ಲಿ ಪಳಗಿದ ಗಂಟಲಲ್ಲಿ ಬೀದಿಗೆಲ್ಲ ಕೇಳುವ ಹಾಗೆ ಹೇಳಿದರು. “ಈ ನರಸಮ್ಮನ ಮಗ ವೆಂಕಟಸ್ವಾಮಿ. ಲಂಕೇಲಿ ಹೋದ. ಇಪ್ಪತ್ತೆರಡು ವರ್ಷಕ್ಕೆ. ನಮ್ಮ ಬೀದಿಗೆ ಇದು ಹೇಳ್ಕೊಳ್ಳೋವಂಥ ನಷ್ಟಾನೇ ಸಾರ್.”

ನಗು ನಿಂತಿತು. ಮಂತ್ರಿಗಳು ಚುಕ್ಕಿ ತುಳಿಯದೆ ಮೋರಿಯಂಚಿಗೆ ಸರಿದು ಪಾರ್ಕಿನ ಕಡೆ ನಡೆದರು. ಭಾಷಣದಲ್ಲಿ ಲಂಕೆಯ ಮಾತು ಬರಲಿಲ್ಲ. ಬರದಿದ್ದರೆ ಕತ್ತೆಬಾಲ! ನರಸಮ್ಮನ ಎದೆ ಆಗಲೇ ತುಂಬಿಹೋಗಿತ್ತು. ಮನೆಮನೆಗೂ ಹೋಗಿ ಕೈಮುಗಿದಳು.

ಕೊನೆಗೆ ಅಲಮೇಲು ಅವರ ಗೇಟಿಗೆ ಬಂದು ಅಲ್ಲೂ ಎಣಿಸಿದಳು. ಇಪ್ಪತ್ತಮೂರು.

“ಒಂದು ಜಾಸ್ತಿ ಇಟ್ಬಿಟ್ಟಿದೀರಲ್ಲ ಮೇಡಂ.”

“ಜಾಸ್ತಿ ಅಲ್ಲ ನರಸಮ್ಮ. ಮೊನ್ನೆ ಶ್ರಾವಣಕ್ಕೆ ಅವನಿಗೆ ಇಪ್ಪತ್ತಮೂರು ತುಂಬ್ತಿತ್ತಲ್ವಾ? ಪ್ರತಿವರ್ಷ ಪಾಯಸ ತಂದ್ಕೊಡ್ತಿದ್ರಿ.”

ಆ ದಿನ ತನ್ನೊಬ್ಬಳಿಗೇ ನೆನಪಿದೆ ಎಂದುಕೊಂಡು, ಅಡುಗೆಮನೆಯಲ್ಲಿ ಒಬ್ಬಳೇ ಕೂತು ಕಳೆದಿದ್ದಳು ನರಸಮ್ಮ. ಈಗ ಅಲ್ಲೇ ರಸ್ತೆಯ ಮೇಲೆ ಕುಕ್ಕರುಗಾಲಲ್ಲಿ ಕೂತಳು. ಗಾಳಿ ಎದ್ದಿತ್ತು. ಹಾರ್ನ್ ಹೊಡೆಯುತ್ತ ಬಂದ ಸ್ಕೂಟರು ಅವಳನ್ನು ಕಂಡು ಬಳಸಿಕೊಂಡು ಹೋಯಿತು. ಅವಳು ಆ ಕೊನೆಯ ಚುಕ್ಕಿಗೆ ಸೆರಗು ಮರೆಮಾಡಿ ಹಿಡಿದುಕೊಂಡಳು.