ಸುಮ್ನ ಬಂದೇನ್ರಿ

ದಾಂಡೇಲಿಯ ಕಟ್ಟಿಗೆ ಡಿಪೋದಲ್ಲಿ ಚಳಿಗಾಲದ ಬೆಳಗು ಬೇಗ ಆಗುವುದಿಲ್ಲ. ಕಾಳಿ ನದಿಯಿಂದ ಎದ್ದ ಮಂಜು ಸಾಗವಾನಿ ದಿಮ್ಮಿಗಳ ಸಾಲಿನೊಳಗೆ ನುಗ್ಗಿ ಒಂಬತ್ತರವರೆಗೂ ಅಲ್ಲೇ ಕೂತಿರುತ್ತದೆ. ಆ ಮಂಜಿನೊಳಗೆ ರುದ್ರೇಶ ಒಂದೊಂದೇ ದಿಮ್ಮಿಯ ತುದಿಗೆ ಸುತ್ತಿಗೆಯಿಂದ ನಂಬರು ಹೊಡೆಯುತ್ತ, ಹೊಡೆತಕ್ಕೊಂದು ಇಂಗ್ಲಿಷ್ ವಾಕ್ಯ ಹೇಳಿಕೊಳ್ಳುತ್ತಿದ್ದ. ಐ ಜಸ್ಟ್ ಕೇಮ್. ಠಪ್. ಐ ಓನ್ಲಿ ಡ್ರ್ಯಾಂಕ್ ಟೀ. ಠಪ್. ಐ ಹಾರ್ಡ್ಲಿ ಸ್ಲೆಪ್ಟ್. ಠಪ್. ಮೂರನೆಯದು ಪಾಠದಲ್ಲಿ ಬಂದ ವಾಕ್ಯವೇ, ಆದರೆ ನಿಜವೂ ಆಗಿತ್ತು. ಮೇಲೆಲ್ಲೋ ಮಂಗಟ್ಟೆ ಹಕ್ಕಿಯೊಂದು ದೊಡ್ಡ ರೆಕ್ಕೆ ಬಡಿಯುತ್ತ ಹೋಗುವ ಸದ್ದು ಕೇಳಿಸುತ್ತಿತ್ತು; ಹಕ್ಕಿ ಮಾತ್ರ ಕಾಣುತ್ತಿರಲಿಲ್ಲ.

ಮುಂಡಗೋಡ ಕಡೆಯ ಹಳ್ಳಿಯವನು, ಮೂವತ್ತಾರು ವರ್ಷ, ಇನ್ನೂ ಲಗ್ನವಾಗಿಲ್ಲ. ಜೀಪು ಓಡಿಸುವ ಗೆಳೆಯ ಸುಭಾನಿ ಒಂದು ಸಂಜೆ ಇಂಗ್ಲಿಷ್ ಕ್ಲಾಸಿಗೆ ಹೊರಟಿದ್ದಾಗ ಇವನೂ ಜೊತೆಗೆ ಹೋಗಿದ್ದ. ಯಾಕೆ ಬಂದೆ ಎಂದು ಸುಭಾನಿ ಕೇಳಿದ್ದಕ್ಕೆ "ಸುಮ್ನ" ಎಂದಿದ್ದ. ಯಾವುದಕ್ಕೂ ಅವನ ಬಳಿ ಅದೊಂದೇ ಉತ್ತರ. ಪೇಟೆಯ ಪುಸ್ತಕದಂಗಡಿಯ ಮಾಳಿಗೆಯಲ್ಲಿ ನಡೆಯುವ ಆ ಕ್ಲಾಸಿಗೆ ಜೀಪಿನವರು, ನದಿಯಲ್ಲಿ ದೋಣಿ ನಡೆಸುವವರು, ರೆಸಾರ್ಟಿನ ಅಡುಗೆಯವರು ಬರುತ್ತಿದ್ದರು. ಕಲಿಸುವವಳು ಪೂರ್ಣಿಮಾ. ಮೈಸೂರಿನವಳು, ಯಾವುದೋ ಸಂಸ್ಥೆಯವರು ಒಂದು ವರ್ಷದ ಮಟ್ಟಿಗೆ ಕಳಿಸಿದ್ದರು.

ಒಂದು ದಿನ ಅವಳು ಹಲಗೆಯ ಮೇಲೆ ನಾಲ್ಕು ಪದ ಬರೆದಳು. ಜಸ್ಟ್, ಓನ್ಲಿ, ಹಾರ್ಡ್ಲಿ, ಸಿಂಪ್ಲಿ.

"ಇವು ಕ್ರಿಯಾಪದದ ಮುಂದೆ ಬಂದು ನಿಲ್ತವೆ. ಮಾಡಿದ ಕೆಲಸವನ್ನ ಚಿಕ್ಕದು ಮಾಡಿ ತೋರಿಸ್ತವೆ," ಎಂದಳು.

ಸುಭಾನಿ ಎದ್ದು ನಿಂತ. "ಮೇಡಂ, ಐ ಓನ್ಲಿ ಡ್ರ್ಯಾಂಕ್ ಟೀ ಅಂದ್ರ ಬರೇ ಚಾ ಕುಡದೆ, ನಾಷ್ಟಾ ಮಾಡ್ಲಿಲ್ಲ ಅಂತನೋ, ಇಲ್ಲಾ ಕುಡದೆ ಅಷ್ಟ, ಚೆಲ್ಲಲಿಲ್ಲ ಅಂತನೋ?"

ಕ್ಲಾಸೆಲ್ಲ ನಕ್ಕಿತು. ಪೂರ್ಣಿಮಾ ಕೂಡ ನಕ್ಕಳು. "ಒಳ್ಳೇ ಪ್ರಶ್ನೆ. ಪದ ನಿಂತಿರೋದು ಒಂದು ಕಡೆ, ಭಾರ ಬೀಳೋದು ಇನ್ನೊಂದು ಕಡೆ. ದಿನದ ಮಾತಲ್ಲಿ ಎಲ್ಲರೂ ಹೀಗೇ ಹೇಳೋದು. ಭಾರ ಎಲ್ಲಿ ಬಿತ್ತು ಅಂತ ಕೇಳೋರೇ ಹುಡುಕ್ಕೋಬೇಕು."

ರುದ್ರೇಶನಿಗೆ ದೂರದ ಊರಿನಲ್ಲಿ ತನ್ನ ಹಳ್ಳಿಯವರು ಸಿಕ್ಕಷ್ಟು ಖುಷಿಯಾಯಿತು. ಇಂಗ್ಲಿಷಿನವರಿಗೂ ಒಂದು 'ಸುಮ್ನ' ಇದೆ! ಹಲಗೆ ಒರೆಸುವಾಗ ಅವಳ ಮುಂಗೈಗೆ ಹತ್ತಿದ ಸೀಮೆಸುಣ್ಣದ ಪುಡಿಯನ್ನೇ ನೋಡುತ್ತ ಕೂತವನಿಗೆ ಮೆಟ್ಟಿಲಿಳಿದು ಬಂದದ್ದು ನೆನಪಿಲ್ಲ. ಆ ಸಂಜೆಯೇ ಅವನ ಮನಸ್ಸು ಹೋಯಿತು, ಹೋದದ್ದು ತಿರುಗಿ ಬರಲಿಲ್ಲ.

ಇನ್ನು ಅವನ ಹಳ್ಳಿಯ ರೀತಿ ಹೇಳಬೇಕು. ಅಲ್ಲಿ ಒಬ್ಬರ ಮನೆಗೆ ಹೋದವರು ಬಂದ ಕಾರಣವನ್ನು ಕೂತಲ್ಲಿ ಹೇಳುವುದಿಲ್ಲ. ಹಾಗೆ ಹೇಳಿದರೆ ಮನೆಯವರಿಗಿಂತ ಕೆಲಸವೇ ದೊಡ್ಡದಾಯಿತು ಎಂದು ಅರ್ಥ. "ಸುಮ್ನ ಬಂದೇನಿ" ಎನ್ನಬೇಕು. ಮಳೆಯ ಮಾತಾಗಬೇಕು, ಎಮ್ಮೆಯ ಮಾತಾಗಬೇಕು, ಚಹಾ ಆಗಬೇಕು. ಆಮೇಲೆ ಬಂದವರು ಏಳುತ್ತಾರೆ, ಮನೆಯವರು ಕಳಿಸಲು ಹೊಸ್ತಿಲವರೆಗೆ ಬರುತ್ತಾರೆ. ಒಂದು ಕಾಲು ಚಪ್ಪಲಿಯೊಳಗೆ ಹೋದ ಮೇಲೆ "ಅಂದಂಗ..." ಎಂದು ಮಾತು ಹೊರಬೀಳುತ್ತದೆ. ಅವನ ಅಕ್ಕನ ಲಗ್ನ ಗೊತ್ತಾದದ್ದು ಹೀಗೆ, ಅಣ್ಣತಮ್ಮಂದಿರ ಆಸ್ತಿ ಪಾಲಾದದ್ದೂ ಹೀಗೆ. ಆ ಊರಿನ ದೊಡ್ಡ ಮಾತುಗಳೆಲ್ಲ ಒಂಟಿ ಚಪ್ಪಲಿಯಲ್ಲೇ ಆಗಿವೆ.

ಪೂರ್ಣಿಮಾ ಇದ್ದದ್ದು ಮಾಲಕಿ ಸುಶೀಲವ್ವನ ಮನೆಯ ಪಕ್ಕದ ಬಾಡಿಗೆ ಕೋಣೆಯಲ್ಲಿ. ರುದ್ರೇಶ ಒಂದು ಭಾನುವಾರ ಇಸ್ತ್ರಿಯ ಅಂಗಿ ತೊಟ್ಟು ಅಲ್ಲಿಗೆ ಹೋದ.

"ಬನ್ನಿ ರುದ್ರೇಶ್. ಏನು ವಿಷಯ?"

"ಏನಿಲ್ರಿ, ಸುಮ್ನ ಬಂದೇನ್ರಿ."

ಅವಳು ಚಹಾ ಕೊಟ್ಟಳು. ಮಂಜಿನ ಮಾತಾಯಿತು. ಅಣಶಿಯ ಕಾಡಿನಲ್ಲಿ ಸುಭಾನಿಯ ಜೀಪಿಗೆ ಅಡ್ಡ ನಿಂತ ಕಾಡೆಮ್ಮೆಯ ಮಾತೂ ಆಯಿತು. ಅವನು ಎದ್ದ. ಅವಳು "ಸರಿ, ಸಿಗೋಣ" ಎಂದು ಕಪ್ಪುಗಳನ್ನು ಎತ್ತಿಕೊಂಡು ಒಳಗೆ ಹೋಗಿಬಿಟ್ಟಳು! ರುದ್ರೇಶ ಒಂದು ಚಪ್ಪಲಿ ಹಾಕಿಕೊಂಡು ಹೊಸ್ತಿಲಲ್ಲಿ ಕಾದ. ಒಳಗಿನಿಂದ ನಲ್ಲಿಯ ಸದ್ದು ಬಂತು. ಗೋಡೆಯ ಕ್ಯಾಲೆಂಡರಿನ ಮುಂದೆ 'ಅಂದಂಗ' ಎನ್ನಲಾದೀತೇ? ಎರಡನೆಯ ಚಪ್ಪಲಿಯನ್ನೂ ಹಾಕಿಕೊಂಡು ಹೊರಟ. ಮುಂದಿನ ಭಾನುವಾರವೂ ಹೀಗೇ ಆಯಿತು. ಅವಳದೇನೂ ತಪ್ಪಿಲ್ಲ. ಮೈಸೂರಿನಲ್ಲಿ ಅವಳದು ಮೂರನೇ ಮಹಡಿಯ ಮನೆ, ಬಂದವರನ್ನು ಕುರ್ಚಿಯಿಂದಲೇ ಕಳಿಸುವ ರೂಢಿ. ಇವನಾದರೂ ಬಾಯಿ ಬಿಡಬಾರದೇ ಎಂದು ಯಾರಿಗಾದರೂ ಸಿಟ್ಟು ಬಂದೀತು. ಆದರೆ ಕೂತಲ್ಲಿ ಅವನ ನಾಲಿಗೆ ಏಳುತ್ತಲೇ ಇರಲಿಲ್ಲ.

ಅಷ್ಟರಲ್ಲಿ ಒಂದು ವರ್ಷ ಮುಗಿದು ಕ್ಲಾಸು ನಿಂತಿತು. ಭಾನುವಾರ ಬೆಳಿಗ್ಗೆ ಅವಳು ಹುಬ್ಬಳ್ಳಿ ಬಸ್ಸು ಹತ್ತಿ ಊರಿಗೆ ಹೋಗುವುದೆಂದು ಗೊತ್ತಾಯಿತು.  ಶನಿವಾರ ಇಳಿಹೊತ್ತಿಗೆ ರುದ್ರೇಶ ಡಿಪೋದಿಂದ ನೆಟ್ಟಗೆ ಅವಳ ಕೋಣೆಗೆ ಹೋದ.

ಕೋಣೆ ಅರ್ಧ ಖಾಲಿಯಾಗಿತ್ತು. ಅವಳು ಪುಸ್ತಕಗಳನ್ನು ಚೀಲಕ್ಕೆ ತುಂಬುತ್ತಿದ್ದಳು. ಅವನನ್ನು ಕಂಡು ಅವಳ ಮುಖ ಅರಳಿತು.

"ಏನಾದ್ರೂ ಹೇಳೋದಿತ್ತಾ?"

"ಇಲ್ರಿ. ಸುಮ್ನ ಬಂದೇನ್ರಿ."

"ಓ, ಸುಮ್ನೇನಾ," ಎಂದು ಅವಳು ಮತ್ತೆ ಚೀಲಕ್ಕೆ ಬಗ್ಗಿದಳು. ಅರಳಿದ ಮುಖ ಬಾಡಿದ್ದು ಅವನಿಗೂ ಕಂಡಿತು. ಕಂಡು ಏನು ಮಾಡುವುದು? ಸುಶೀಲವ್ವನ ಸ್ಟೀಲ್ ಲೋಟದಲ್ಲಿ ಚಹಾ ಬಂತು, ಮುಗಿಯಿತು. ಅವನು ಎದ್ದ. ಅವಳು ಚೀಲದ ಬಾಯಿ ಕಟ್ಟುತ್ತ, ತಲೆ ಎತ್ತದೆ, "ಹುಷಾರು ರುದ್ರೇಶ್" ಎಂದಳು.

ಅವನು ಹೊಸ್ತಿಲಿಗೆ ಬಂದ. ಒಂದು ಚಪ್ಪಲಿ ಹಾಕಿದ, ತೆಗೆದ, ಮತ್ತೆ ಹಾಕಿದ. ಪಕ್ಕದ ಕಟ್ಟೆಯ ಮೇಲೆ ಮೊರದಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದ ಸುಶೀಲವ್ವ ಅವನನ್ನು ನೋಡಿದಳು. ನೋಡಿ ನೋಡಿ ಅವಳಿಗೆ ತಡೆಯದಾಯಿತು.

"ಏನ್ರೀ ಟೀಚರ್, ಬಂದವ್ರನ್ನ ಒಳಗಿಂದನ ಕಳಸ್ತೀರಲ್ಲ! ಹೊರಗ ಬರ್ರಿ ಇಲ್ಲೆ. ಈ ಪುಣ್ಯಾತ್ಮ ಬಂದಾಗೊಮ್ಮೆ ನಿಮ್ಮ ಬಾಗಲದಾಗ ನಿಂತು ಚಪ್ಪಲಿ ಸವಸಾಕತ್ತಾನ. ನಮ್ಮ ಕಡೆ ಮಾತು ಒಳಗ ಬರೂದಿಲ್ರಿ, ಹೊಸ್ತಿಲಕ್ಕ ಬಂದ ಮ್ಯಾಲ ಬರ್ತೈತಿ!"

ಇಷ್ಟು ಹೇಳಿ, ಹಾಲು ಉಕ್ಕುತ್ತದೆ ಎಂದು ನೆಪ ಮಾಡಿ ಮೊರ ಎತ್ತಿಕೊಂಡು ಒಳಗೆ ನಡೆದಳು. ಎಮ್ಮೆಯ ಹಾಲನ್ನು ಅವಳು ಇನ್ನೂ ಕರೆದೇ ಇರಲಿಲ್ಲ.

ಪೂರ್ಣಿಮಾ ಹೊಸ್ತಿಲಿಗೆ ಬಂದು ನಿಂತಳು. "ಮೂರು ಸಲಾನೂ ಇಲ್ಲಿ ಕಾಯ್ತಿದ್ರಾ?" ಎಂದಳು ಮೆಲ್ಲಗೆ. "ನೀವು ಸುಮ್ನೆ ಅಂದ್ರಿ, ನಾನು ನಂಬಿಬಿಟ್ಟೆ."

"ಅಂದಂಗ..." ಎಂದ ರುದ್ರೇಶ.  ಕಲಿತ ಪದಗಳೆಲ್ಲ ತಲೆಯೊಳಗೆ ಮಂಜಿನಂತೆ ಸುತ್ತಿದವು. ಚಿಕ್ಕದು ಮಾಡಿ ತೋರಿಸುವ ಒಂದು ಪದವೂ ಈ ಮಾತಿನ ಮುಂದೆ ನಿಲ್ಲಲಿಲ್ಲ. "ನೀವು ಹೋಗಬ್ಯಾಡ್ರಿ. ನನಗ ನಿಮ್ಮನ್ನ ಬಿಟ್ಟಿರಾಕ ಆಗೂದಿಲ್ಲ. ಇದು ಲಗ್ನದ ಮಾತ ಐತ್ರಿ."

ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತಳು. ಅವನಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. "ತಪ್ಪಿದ್ರ ಬಿಟ್ಟಬಿಡ್ರಿ. ಬರ್ತೇನ್ರಿ," ಎಂದು ಮೆಟ್ಟಿಲಿಳಿದ.

ಓಣಿಯಲ್ಲಿ ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಹಿಂದೆ ಬಾಗಿಲು ಎಳೆದುಕೊಂಡ ಸದ್ದಾಯಿತು. ಪೂರ್ಣಿಮಾ ಬಂದು ಪಕ್ಕದಲ್ಲಿ ನಡೆಯತೊಡಗಿದಳು. ಸಂಜೆಯ ಮಂಜು ನದಿಯ ಕಡೆಯಿಂದ ಏಳುತ್ತಿತ್ತು. ದೀಪದ ಕಂಬಗಳು ಒಂದೊಂದಾಗಿ ಹತ್ತಿಕೊಂಡವು. ಇಬ್ಬರೂ ನೆಲದ ಮೇಲೆ ನಡೆಯುತ್ತಿರುವಂತೆ ಅವನಿಗೆ ಅನ್ನಿಸಲಿಲ್ಲ. ಸೇತುವೆಯ ತನಕ ಬಂದ ಮೇಲೆ ಧೈರ್ಯ ಮಾಡಿ ಕೇಳಿದ.

"ಇಷ್ಟ ದೂರ ಯಾಕ ಬಂದ್ರಿ?"

ಅವಳು ನೀರಿನ ಕಡೆ ನೋಡಿದಳು. "ಸುಮ್ನ ಬಂದೇನ್ರಿ," ಎಂದಳು. ಮೈಸೂರಿನ ನಾಲಿಗೆಗೆ ಆ ಮಾತು ಪೂರ್ತಿ ಹೊಂದಲಿಲ್ಲ, ಆದರೆ ಅವನ ಎದೆ ತುಂಬಿ ಬಂತು. ಇನ್ನು ಏನನ್ನೂ ಕೇಳಬಾರದೆಂದು ಅವನಿಗೆ ಗೊತ್ತಿತ್ತು. ಈ ಸಲ ಮಂಜು ಬಹಳ ಎಂದ. ಹೌದು, ಬಹಳ ಎಂದಳು. ಸುಶೀಲವ್ವನ ಎಮ್ಮೆಯ ಮಾತಾಯಿತು. ಆಮೇಲೆ ಅವಳು ಮನೆಯ ಕಡೆ ತಿರುಗಿ ಎರಡು ಹೆಜ್ಜೆ ಇಟ್ಟು ನಿಂತಳು.

"ಅಂದಂಗ," ಎಂದಳು. "ನಾಳೆ ಊರಿಗೆ ಹೋಗ್ತೀನಿ. ಶುಕ್ರವಾರ ಅಮ್ಮನ್ನ ಕರ್ಕೊಂಡು ಬರ್ತೀನಿ. ನಿಮ್ಮ ಮನೆಯವರು ಅವತ್ತು ಬರಬಹುದಾ?"

"ಬರ್ತಾರ್ರಿ," ಎಂದ ರುದ್ರೇಶ. ಅದರ ಹಿಂದೆ ಮುಂದೆ ಏನನ್ನೂ ಸೇರಿಸಲಿಲ್ಲ.