ಮಗಳು ಹೇಳಬೇಕಾಗಿದ್ದ ಮಾತು

ಕೋರ್ಟಿನ ಹಿಂದಿನ ಗಲ್ಲಿಯಲ್ಲಿ ಅಜ್ಜಿಯ ಇಸ್ತ್ರಿ ಅಂಗಡಿ. ವಕೀಲರ ಕರಿ ಕೋಟುಗಳು ಅವಳಿಗೆ ಹೊಸವಲ್ಲ. ಆದರೆ ಆ ಬೆಳಿಗ್ಗೆ ಕೈಗೆ ಬಂದದ್ದು ಸ್ವಂತ ಮಗಳ ಪರ ವಾದಿಸುವವರ ಕೋಟು. ಕಾಲರಿನ ಮೇಲೆ ಇಸ್ತ್ರಿ ಪೆಟ್ಟಿಗೆ ಒಂದು ಸುತ್ತು ಹೆಚ್ಚಾಗಿಯೇ ಓಡಿತು.

ಗಂಡನ ದೇಶದಿಂದ ಆರು ವರ್ಷದ ಕೂಸು ಗುಬ್ಬಿಯನ್ನು ಕರೆದುಕೊಂಡು ರಜೆಗೆಂದು ಬಂದ ಮಗಳು, ರಜೆ ಮುಗಿದರೂ ಹಿಂದಿರುಗಲಿಲ್ಲ. ಗಂಡ ಹೊಡೆಯುವವನಲ್ಲ, ಬಡಿಯುವವನಲ್ಲ, ಮಾತಾಡುವವನೂ ಅಲ್ಲ. ಗೋಡೆಯ ಜೊತೆ ಸಂಸಾರ ಮಾಡಿ ಸಾಕಾಗಿತ್ತು ಅವಳಿಗೆ. ಈಗ ಅವನು, ಮಗುವನ್ನು ವಾಪಸ್ ಕಳಿಸಿ ಎಂದು ಇಲ್ಲಿನ ಕೋರ್ಟಿಗೆ ಅರ್ಜಿ ಹಾಕಿದ್ದ.

"ನನ್ನ ಮಗಳು ಕೂಸನ್ನ ಹೇಗೆ ಸಾಕ್ತಾಳೆ ಅಂತ ಜಡ್ಜಿಗೆ ನಾನೇ ಹೇಳ್ತೀನಿ," ಎಂದಳು ಅಜ್ಜಿ.

"ಅದನ್ನ ಇಲ್ಲಿ ಯಾರೂ ಕೇಳಲ್ಲ ಅಜ್ಜಿ," ವಕೀಲರು ಕೋಟಿಗೆ ತೋಳು ತೂರಿಸಿದರು. "ಮಗು ಯಾರ ಹತ್ರ ಬೆಳೀಬೇಕು ಅನ್ನೋದು ಬೇರೆ ಜಗಳ. ಇಲ್ಲಿಗೆ ಬರೋವರೆಗೂ ಮಗು ಬೆಳೀತಿದ್ದದ್ದು ಎಲ್ಲಿ, ಅಪ್ಪನ ಒಪ್ಪಿಗೆ ಇಲ್ಲದೆ ಇಲ್ಲಿ ಇಟ್ಕೊಂಡ್ರಾ, ಅಷ್ಟು ನೋಡ್ತಾರೆ. ಹೌದು ಅಂದ್ರೆ ವಾಪಸ್. ಉಳಿದದ್ದು ಅಲ್ಲಿನ ಕೋರ್ಟಲ್ಲಿ."

"ಮತ್ತೆ ಈ ಕೋಟಿಗೆ ನಾನ್ಯಾಕೆ ಇಷ್ಟು ಬೆವರು ಸುರಿಸ್ತಿದೀನಿ?"

ವಕೀಲರು ನಕ್ಕರು. "ಒಂದು ದಾರಿ ಇದೆ. ವಾಪಸ್ ಹೋದ್ರೆ ಮಗುವಿಗೆ ದೊಡ್ಡ ಅಪಾಯ ಅಂತ ತೋರಿಸ್ಬೇಕು. ಅಮ್ಮನ್ನ ಬಿಟ್ಟಿರೋ ಮಗು ಅಲ್ಲ ಅದು. ಅಮ್ಮ 'ನಾನು ಹೋಗಲ್ಲ' ಅಂತ ಗಟ್ಟಿಯಾಗಿ ಹೇಳ್ಲಿ, ಒಂಟಿಯಾಗಿ ಕಳಿಸೋದೇ ಅಪಾಯ ಅಂತ ನಾನು ವಾದಿಸ್ತೀನಿ. ಜಡ್ಜು ಸುಲಭಕ್ಕೆ ಒಪ್ಪಲ್ಲ, ಆದ್ರೆ ನಮ್ಮ ಕೈಲಿರೋದು ಅದೊಂದೇ."

ಅವರು ಹೋದ ಮೇಲೆ ಅಂಗಡಿಯಲ್ಲೇ ಮಗಳಿಗೆ ತಾಲೀಮು ಶುರುವಾಯಿತು. ಅಜ್ಜಿಯೇ ಜಡ್ಜು.

"ಹೇಳಮ್ಮಾ, ವಾಪಸ್ ಹೋಗ್ತೀಯಾ?"

"ಹೋಗಲ್ಲ."

"ಸೊಳ್ಳೆ ಹಾಗೆ ಗುಂಯ್ ಅನ್ಬೇಡ ಕಣೇ!"

"ಹೋಗಲ್ಲ ಅಂದ್ನಲ್ಲ!"

ಮೇಜಿನ ಕೆಳಗೆ ಕರವಸ್ತ್ರ ಮಡಿಸುತ್ತಿದ್ದ ಗುಬ್ಬಿ ತಲೆ ಹೊರಹಾಕಿತು. "ಎಲ್ಲಿಗಮ್ಮಾ ಹೋಗಲ್ಲ?"

ಮಗಳು ಮುಖ ತಿರುಗಿಸಿದಳು. "ಸಿನಿಮಾಗೆ," ಎಂದುಬಿಟ್ಟಳು ಅಜ್ಜಿ.

ಕೋರ್ಟಿನ ಕೋಣೆ ಚಿಕ್ಕದು. ಗಂಡನ ವಕೀಲರು ಎದ್ದು, ತಾಯಿ ಬಂದರೆ ಮಗುವಿನ ಜೊತೆ ಇರಲು ಗಂಡ ಬೇರೆ ಮನೆ ಕೊಡುತ್ತಾನೆ, ಪೊಲೀಸ್ ದೂರು ಕೊಡುವುದಿಲ್ಲ ಎಂದು ಬರೆಸಿದರು. ಜಡ್ಜಮ್ಮ ಕನ್ನಡಕ ತೆಗೆದು ಮಗಳ ಕಡೆ ನೋಡಿದರು.

"ಮಗು ವಾಪಸ್ ಹೋಗ್ಬೇಕು ಅಂತ ನಾನು ಹೇಳಿದ್ರೆ, ನೀವೂ ಜೊತೆಗೆ ಹೋಗ್ತೀರಾ? ಇಲ್ಲ, ಅವಳೊಬ್ಳನ್ನೇ ಕಳಿಸ್ತೀರಾ?"

ಹಿಂದಿನ ಬೆಂಚಿನಲ್ಲಿ ಅಜ್ಜಿಯ ತುಟಿ ತಾನಾಗಿಯೇ ಅಲ್ಲಾಡಿತು: ಹೋಗಲ್ಲ, ಹೋಗಲ್ಲ.

ಮಗಳು ತಿರುಗಿ ಅಮ್ಮನ ಕಡೆ ನೋಡಿದಳು. "ವಿಮಾನ ಇಳಿಯುವಾಗ ಅವಳಿಗೆ ಕಿವಿ ನೋಯುತ್ತೆ," ಎಂದಳು ಕೊನೆಗೆ. "ಪಕ್ಕದಲ್ಲಿ ನಾನಿರ್ಬೇಕು."

ಮಗಳ ವಕೀಲರು ಫೈಲು ಮುಚ್ಚಿದರು. ಮಗು ತಾಯಿಯೊಡನೆ ವಾಪಸ್ ಹೋಗಲಿ, ಒಪ್ಪಿಕೊಂಡ ಮನೆಯ ಕೀಲಿ ಮೊದಲು ತಾಯಿಯ ಕೈ ಸೇರಲಿ ಎಂದು ಮಧ್ಯಾಹ್ನ ಆದೇಶವಾಯಿತು.

ಮೆಟ್ಟಿಲಿಳಿಯುವಾಗ ಅಜ್ಜಿ ಮಗಳ ತೋಳು ಹಿಡಿದು ನಿಲ್ಲಿಸಿದಳು. "ಗಿಳಿಗೆ ಹೇಳ್ಕೊಟ್ಟ ಹಾಗೆ ಹೇಳ್ಕೊಟ್ನಲ್ಲೇ! ಒಂದು ಮಾತು ಆಡೋಕೆ ಏನಾಗಿತ್ತು ನಿಂಗೆ?"

"ನನ್ನ ಜಾಗದಲ್ಲಿ ನೀನು, ಗುಬ್ಬಿ ಜಾಗದಲ್ಲಿ ನಾನು ಇದ್ದಿದ್ರೆ ನೀನು ಆಡ್ತಿದ್ಯಾ ಅಮ್ಮಾ?"

ಅಜ್ಜಿ ಗಲ್ಲಿಯ ತಿರುವಿನವರೆಗೂ ಬಿರಬಿರನೆ ನಡೆದಳು. ಅಂಗಡಿಯ ಬೀಗ ತೆಗೆಯುತ್ತ, "ಅಲ್ಲಿನ ಕೋರ್ಟಲ್ಲಾದ್ರೂ ಕೂಸನ್ನ ಹೇಗೆ ಸಾಕ್ತೀಯ ಅಂತ ಕೇಳ್ತಾರಲ್ಲ?" ಎಂದಳು.

"ಕೇಳ್ತಾರಂತೆ."

"ಅಲ್ಲಿ ಬಾಯಿ ಬಿಟ್ಟು ಹೇಳು. ಸೊಳ್ಳೆ ಹಾಗಲ್ಲ."

ಸಂಜೆ ಅಂಗಡಿಯನ್ನು ಬೇಗ ಮುಚ್ಚಿ, ಅವಳು ಗುಬ್ಬಿಯನ್ನು ಸಿನಿಮಾಕ್ಕೆ ಕರೆದುಕೊಂಡು ಹೋದಳು.