ಬೈರಯ್ಯನವರು ನಿಂತ ಆರು ಗಂಟೆ

ಮೂವತ್ನಾಲ್ಕು ವರ್ಷದ ಸಂಸಾರದಲ್ಲಿ ಬೈರಯ್ಯನವರು ಹೆಂಡತಿಗೆ ಹೇಳಿದ ದೊಡ್ಡ ಸುಳ್ಳು ಒಂದೇ ಒಂದು. ಆ ಸುಳ್ಳು ಒಂದು ಭಾನುವಾರ ಬೆಳಿಗ್ಗೆ ಪ್ಲಾಸ್ಟಿಕ್ ಡಬ್ಬಿಯೊಳಗೆ ಕೂತು, ಹೊಸಹಳ್ಳಿಯ ಅವರ ಮನೆಬಾಗಿಲಿಗೆ ತಾನಾಗಿಯೇ ಬಂತು.

ತಂದವನು ಸಂಪತ್. ಆರು ಗಂಟೆ ಬಿಡುವಿಲ್ಲದೆ ನಡೆಯುವ ಬೈಕ್ ರೇಸಿನ ಮೇಲೆ ಸಾಕ್ಷ್ಯಚಿತ್ರ ಮಾಡಿದ್ದವನು. ಅದರ ಮುನ್ನೂರು ಡಿವಿಡಿ ಮಾಡಿಸಿ, ರೇಸಿನಲ್ಲಿದ್ದವರ ಮನೆಗಳಿಗೆ ತಾನೇ ಹಂಚುತ್ತಿದ್ದ. ಬಾಗಿಲು ತೆಗೆದದ್ದು ರಾಮಮ್ಮ.

“ಆಂಟಿ, ಇದು ಕಲಾ ಅವರ ರೇಸ್‌ದು. ಮೊಬೈಲಲ್ಲಿ ನೋಡಿದ್ರೆ ಮರ್ತುಬಿಡ್ತಾರೆ, ಡಿಸ್ಕ್ ಆದ್ರೆ ಮನೇಲಿ ಉಳಿಯುತ್ತೆ. ಸಾರ್ ಇದಾರಾ?”

ಸಾರ್ ಬಚ್ಚಲುಮನೆಯಲ್ಲಿದ್ದರು. ಸ್ನಾನ ಮುಗಿದಿತ್ತು. ಆದರೂ ಸಂಪತ್ತನ ದನಿ ಕೇಳಿದ್ದೇ ತಡ, ಗೇಟು ಸದ್ದಾಗುವವರೆಗೂ ತಂಬಿಗೆ ತಂಬಿಗೆ ನೀರು ಹುಯ್ದುಕೊಳ್ಳುತ್ತಲೇ ಇದ್ದರು.

ವಿಷಯ ಇಷ್ಟು. ಮಗಳು ಕಲಾಗೆ ಓದಿಗಿಂತ ಬೈಕಿನ ಹುಚ್ಚು ಹೆಚ್ಚು. ರಾಜಾಜಿನಗರದ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ ಅಪ್ಪನೇ ಅದನ್ನು ಹಿಡಿಸಿದ್ದು. ಹಿಂದಿನ ವರ್ಷ ಅವಳು ಟ್ರ್ಯಾಕಿನಲ್ಲಿ ಬಿದ್ದು ಭುಜದ ಮೂಳೆ ಮುರಿದುಕೊಂಡಳು. ಮೂಳೆ ಕೂಡಿತು, ಅವಳು ಮತ್ತೆ ಬೈಕ್ ಹತ್ತಿದಳು. “ಬೈಕು ಬೇಕೋ, ಮನೆ ಬೇಕೋ?” ಅಂದರು ರಾಮಮ್ಮ. ತಾಯಿಯ ಹಟವೇ ಮಗಳಿಗೂ ಬಂದಿತ್ತು. ನಾಗರಬಾವಿಯಲ್ಲಿ ರೂಮು ಹಿಡಿದು ಹೊರಟೇಹೋದಳು. ಅವತ್ತಿನಿಂದ ತಾಯಿ ಮಗಳಿಗೆ ಮಾತಿಲ್ಲ. ರಾಮಮ್ಮ ಗಂಡನ ಕೈಯನ್ನು ತಮ್ಮ ತಲೆಯ ಮೇಲೆ ಇಡಿಸಿಕೊಂಡು, ರೇಸಿನ ದಿಕ್ಕಿಗೂ ತಲೆಹಾಕುವುದಿಲ್ಲವೆಂದು ಆಣೆ ಹಾಕಿಸಿದರು.

ಆದರೆ ಮಗಳ ದೊಡ್ಡ ರೇಸು ಬಂದಾಗ ಬೈರಯ್ಯನವರ ಜೀವ ತಡೆಯಲಿಲ್ಲ. ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗಿ ಬರುತ್ತೇನೆಂದು ಹೇಳಿ, ರೇಸು ನಡೆಯುವ ಚೆನ್ನೈಗೆ ಬಸ್ಸು ಹತ್ತಿದರು. ಬರುವಾಗ ವಿಜಯನಗರದ ಬೇಕರಿಯೊಂದರಲ್ಲಿ ಲಾಡು ಕೊಂಡು, ಹಣೆಗೆ ವಿಭೂತಿ ಬಳಿದುಕೊಂಡು ಮನೆಗೆ ಬಂದರು. ರಾಮಮ್ಮ ಆ ಲಾಡನ್ನು ಕಣ್ಣಿಗೊತ್ತಿಕೊಂಡು ಬೀದಿಗೆಲ್ಲ ಪ್ರಸಾದ ಹಂಚಿದರು. ಅದನ್ನು ತಿಂದ ಮೇಲೆ ತನ್ನ ಮಂಡಿನೋವು ಹೋಯಿತೆಂದು ಪಕ್ಕದ ಮನೆಯ ಅಕ್ಕಯ್ಯಮ್ಮ ಇವತ್ತಿಗೂ ಹೇಳಿಕೊಂಡು ತಿರುಗುತ್ತಾರೆ.

ಬಚ್ಚಲಿನಿಂದ ಬಂದ ಬೈರಯ್ಯನವರು ಡಬ್ಬಿ ನೋಡಿ, “ಇದನ್ನ ಹಾಕೋಕೆ ನಮ್ಮನೇಲಿ ಪ್ಲೇಯರ್ರೇ ಇಲ್ವಲ್ಲ, ಹೋದ್ವರ್ಷಾನೇ ಗುಜರಿಗೆ ಹಾಕಿದ್ವಲ್ಲ” ಅಂದರು. ದನಿಯಲ್ಲಿ ಖುಷಿ ಸ್ವಲ್ಪ ಜಾಸ್ತಿಯೇ ಇತ್ತು.

ರಾಮಮ್ಮ ಡಬ್ಬಿಯ ಮೇಲಿದ್ದ ಮಗಳ ಚಿತ್ರವನ್ನು ಸೆರಗಿನಿಂದ ಒರೆಸುತ್ತಿದ್ದರು. “ಮುಖ ನೋಡಿ ಒಂದು ವರ್ಷ ಆಯ್ತು ಕಣ್ರೀ. ಒಂದ್ಸಲ ನೋಡ್ತೀನಿ, ಅಷ್ಟೆ.”

ಬೈರಯ್ಯನವರು ಡಬ್ಬಿಗೆ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. ತನ್ನ ಮಾನ ಉಳಿಸಿಕೊಳ್ಳಲು ತಾಯಿಗೆ ಮಗಳ ಮುಖ ತಪ್ಪಿಸುವುದೇ? ಇನ್ನೊಂದು ಕಡೆ, ಇದನ್ನು ನೋಡಿದ ಮೇಲೆ ಇವಳು ತನ್ನ ಮಾತನ್ನು ಇನ್ನೆಂದಾದರೂ ನಂಬುತ್ತಾಳೆಯೇ? ಅವರು ತೂಗುತ್ತಿರುವಾಗಲೇ ಕಿಟಕಿಯಾಚೆಯಿಂದ ಮಾತು ಕೇಳಿಸಿಕೊಂಡ ಅಕ್ಕಯ್ಯಮ್ಮ ತಮ್ಮ ಪ್ಲೇಯರ್ ಎತ್ತಿಕೊಂಡು ಬಂದರು. ಮಗನ ಮದುವೆಯ ಡಿವಿಡಿ ನೋಡಲೆಂದು ಜೋಪಾನ ಮಾಡಿದ್ದ ಪ್ಲೇಯರ್ ಅದು.

ಟಿವಿಯಲ್ಲಿ ಕಲಾ ಕಾಣಿಸಿದಳು. ಹೆಲ್ಮೆಟ್ ತೆಗೆದಳು, ನಕ್ಕಳು, ನೀರು ಕುಡಿದಳು. “ಸಣ್ಣಗಾಗಿದಾಳೆ” ಅಂದರು ರಾಮಮ್ಮ. ರೇಸು ಶುರುವಾಯಿತು. ಟ್ರ್ಯಾಕಿನ ಪಕ್ಕದ ಗಿಡ್ಡ ಗೋಡೆಯ ಹತ್ತಿರ, ತಲೆಗೆ ಟವೆಲ್ ಸುತ್ತಿಕೊಂಡ ಒಬ್ಬ ಮುದುಕ ಕರಿ ಬೋರ್ಡ್ ಹಿಡಿದು ನಿಂತಿದ್ದ. ಎಷ್ಟು ಸುತ್ತು ಆಯಿತು ಎಂದು ಪ್ರತಿ ಸುತ್ತಿಗೂ ಬರೆದು ಮಗಳಿಗೆ ತೋರಿಸುತ್ತಿದ್ದ. ಅನುಮಾನಕ್ಕೆ ಎಡೆಯೇ ಬೇಡವೆಂದು ಸಂಪತ್ ಕೆಳಗೆ ಹೆಸರನ್ನೂ ಹಾಕಿದ್ದ: ಬೈರಯ್ಯ, ಕಲಾ ಅವರ ತಂದೆ.

“ಏನ್ರೀ ಬೈರಯ್ಯನೋರೇ, ಮಾದಪ್ಪನ ಬೆಟ್ಟದಲ್ಲಿ ಯಾವಾಗ ಬೈಕ್ ರೇಸ್ ಇಟ್ರು?” ಅಂದ ಅಕ್ಕಯ್ಯಮ್ಮನಿಗೆ ಆಮೇಲೆ ಇನ್ನೊಂದು ಹೊಳೆಯಿತು. “ಹಂಗಾದ್ರೆ ನನ್ನ ಮಂಡಿನೋವು ಯಾವ ದೇವರ ಲಾಡಿಂದ ಹೋಯ್ತು?”

ರಾಮಮ್ಮ ನಗಲಿಲ್ಲ, ಗಂಡನ ಕಡೆ ತಿರುಗಲೂ ಇಲ್ಲ. ಕೂಗಾಡಿದ್ದರೆ ಎಷ್ಟೋ ಚೆನ್ನಾಗಿತ್ತು ಅನ್ನಿಸಿತು ಬೈರಯ್ಯನವರಿಗೆ. ಟಿವಿ ಆರಿಸಲು ಎದ್ದರು. “ಇರ್ಲಿ ಬಿಡಿ” ಅಂದರು ರಾಮಮ್ಮ, ತಣ್ಣಗೆ.

ನಾಲ್ಕನೇ ಗಂಟೆಯಲ್ಲಿ ದೂರದ ತಿರುವಿನಲ್ಲಿ ಒಂದು ಬೈಕ್ ಬಿತ್ತು. ಧೂಳೆದ್ದಿತು. ಯಾರದೆಂದು ಗೋಡೆಯ ಹತ್ತಿರ ನಿಂತವರಿಗೆ ಕಾಣಿಸುವುದಿಲ್ಲ. ಎಲ್ಲರೂ ಆ ಕಡೆ ಓಡಿದರು. ಬೈರಯ್ಯನವರೊಬ್ಬರು ಓಡಲಿಲ್ಲ. ಮುಂದಿನ ಒಂದೂವರೆ ನಿಮಿಷ ಸಂಪತ್ ಕ್ಯಾಮೆರಾವನ್ನು ಅವರ ಮುಖದಿಂದ ಕದಲಿಸಿರಲಿಲ್ಲ. ಒಂದು ಬೈಕ್ ಹೋಯಿತು, ಅವಳಲ್ಲ. ಇನ್ನೊಂದು ಹೋಯಿತು, ಅವಳಲ್ಲ. ಹಿನ್ನೆಲೆಯಲ್ಲಿ, ಆಮೇಲೆ ಯಾವಾಗಲೋ ಅವರು ಸಂಪತ್ತನಿಗೆ ಹೇಳಿದ್ದ ಮಾತು ಕೇಳಿಸಿತು: “ಅವಳು ಸುತ್ತಿ ಬಂದಾಗ ಇಲ್ಲಿ ಯಾರೂ ಕಾಣಿಸ್ದಿದ್ರೆ ಹೆದರ್ತಾಳೆ ಸಾರ್. ಅದಕ್ಕೇ ನಿಂತಿದ್ದೆ.”

ಕಲಾಳ ಬೈಕ್ ಬಂತು. ಬೈರಯ್ಯನವರು ಬೋರ್ಡ್ ಎತ್ತಿ ತೋರಿಸಿದರು. ಅವಳು ದಾಟಿಹೋದ ಮೇಲೆ ಅಲ್ಲೇ ನೆಲಕ್ಕೆ ಕುಸಿದು, ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಗಳಗಳನೆ ಅತ್ತರು. ಅಷ್ಟನ್ನೂ ಚಿತ್ರ ತೆಗೆದಿದ್ದಾರೆಂದು ಅವರಿಗೇ ಗೊತ್ತಿರಲಿಲ್ಲ. ಈಗ ಟಿವಿಯ ಮುಂದೆ ನಾಚಿಕೆಯಿಂದ ತಲೆ ತಗ್ಗಿಸಿದರು.

ರಾಮಮ್ಮ ಈಗ ತಿರುಗಿದರು. ಕಣ್ಣು ತುಂಬಿತ್ತು. “ಇಷ್ಟು ಭಯಾನ ಒಬ್ರೇ ನುಂಗ್ಕೊಂಡು ಬಂದು, ನನಗೆ ಪ್ರಸಾದ ಅಂತ ಕೊಟ್ರಾ?”

“ತಪ್ಪಾಯ್ತು ಕಣೇ.”

“ತಪ್ಪೇ. ನನ್ನ ತಲೆ ಮೇಲೆ ಕೈ ಇಟ್ಟು ಆಣೆ ಮಾಡಿದ್ರಿ. ಬೇಗ ಮರೆಯೋಳಲ್ಲ ನಾನು. ದೇವರ ಹೆಸರಲ್ಲಿ ಸುಳ್ಳು ಹೇಳಿದ್ದಕ್ಕೆ ಬೆಟ್ಟಕ್ಕೆ ಹೋಗಿ ತಲೆ ಬೋಳಿಸ್ಕೊಂಡು, ತಪ್ಪುಕಾಣಿಕೆ ಹಾಕಿ ಬನ್ನಿ.” ಮೂಗು ಒರೆಸಿಕೊಂಡರು. “ಅವಳು ಬಿದ್ರೆ ನೋಡೋಕಾಗಲ್ಲ ಅಂತ ನಾನು ಮನೇಲಿ ಬಾಗಿಲು ಹಾಕ್ಕೊಂಡು ಕೂತೆ. ನೀವು ನಿಂತಿದ್ರಿ. ಫೋನ್ ಕೊಡಿ.”

ಬೈರಯ್ಯನವರು ನಂಬರ್ ಒತ್ತಿಕೊಟ್ಟರು.

“ಹೇಳಪ್ಪಾ” ಅಂದಳು ಕಲಾ.

“ಅಪ್ಪ ಅಲ್ಲ ಕಣೇ, ನಾನು. ಆ ಗೋಡೆ ಹತ್ರ ಇಬ್ರು ನಿಂತ್ಕೊಳೋಷ್ಟು ಜಾಗ ಇದ್ಯಾ?”

ಅತ್ತ ಕಡೆಯಿಂದ ಒಂದು ಬಿಕ್ಕು, ಅದರ ಹಿಂದೆಯೇ “ಇದೆ ಅಮ್ಮಾ.”

ರಾಮಮ್ಮ ಫೋನನ್ನು ಗಂಡನ ಕೈಗೆ ತುರುಕಿದರು.

“ಮುಂದಿನ ರೇಸಿನ ತಾರೀಖು ನೀವೇ ಕೇಳ್ಕೊಳ್ಳಿ. ನೀವು ಯಾವತ್ತು ಅಂತೀರೋ ಅವತ್ತೇ ಹೊರಡೋಣ. ನಿಜಾನಾ ಅಂತ ನಾನೇನು ಇನ್ನೊಂದ್ಸಲ ಅವಳನ್ನ ಕೇಳಲ್ಲ. ನಿಮ್ಮ ಮಾತೇ ಸಾಕು.”